ಬುಟ್ಟಿ ಹೆಣೆಯುವ ಕೈ



ರಾಗಿ ಕಣ ಮುಗಿದು ಮನೆ ಸೇರಿತೆಂದರೆ, ಮುಂಗಾರು ಬೀಳುವ ತನಕ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಒಣಭೂಮಿ ರೈತರ ಕೈಗೆ ಕೆಲಸ ಕಡಿಮೆ. ಗೊಬ್ಬರ ಹೊರುವ ಮಂಕರಿ ಹರಿದಿರುವುದೂ ಆಗಲೇ. ಸಂತೆಗೆ ಹೋಗಿ ಪ್ಲಾಸ್ಟಿಕ್ ಬುಟ್ಟಿ ತರುತ್ತೇವೆ. ಅದು ಬಿಸಿಲಿಗೆ ಬಿರಿದರೆ ಮುಗಿಯಿತು, ತಿಪ್ಪೆಗೆ ಹಾಕಿದರೂ ಕೊಳೆಯದು. ಬಿದಿರಿನದಾದರೆ ಮುರಿದ ಸೀಳು ತೆಗೆದು ಇನ್ನೊಂದು ತೂರಿಸಿದರಾಯಿತು. ತೂರಿಸಲು ಕೈಗೆ ಗೊತ್ತಿರಬೇಕು, ಅಷ್ಟೆ.

ಈ ವಿದ್ಯೆ ಬಲ್ಲವರು ಮೇದಾರರು. 12ನೆಯ ಶತಮಾನದ ಶರಣ ಮೇದಾರ ಕೇತಯ್ಯನವರು ಬಿದಿರಿನ ಕಾಯಕ ಮಾಡಿಕೊಂಡೇ ವಚನ ರಚಿಸಿದವರು. ಮೇದಾರರ ಮನೆಯಲ್ಲಿ ಮಕ್ಕಳು ಸೀಳು ಎತ್ತಿಕೊಡುತ್ತಲೇ ಕಲಿಯುತ್ತಾರೆ. ಹೊಲದ ಕೆಲಸ ಆಗದಷ್ಟು ಮುಪ್ಪಾದರೂ ಕೂತಲ್ಲೇ ಹೆಣೆಯಬಹುದು. ಆದರೆ ಗಿರಾಕಿ ಇಲ್ಲದೆ ಮುಂದಿನವರು ಕಸುಬು ಬಿಡುತ್ತಿದ್ದಾರೆ. ಕಲಿಯುವವರು ಈಗಲೇ ಅವರ ಮನೆಗೆ ಹೋಗಿ ಕಲಿಯಬೇಕು. ಪುಕ್ಕಟೆ ಬೇಡ, ಅವರ ದಿನದ ಕೂಲಿ ಕೊಟ್ಟು ಕಲಿಯಿರಿ.

ಈ ವರ್ಷ ಹುಟ್ಟಿದ ಎಳೆ ಗಳ ಬೇಡ, ಒಣಗಿದ ಮೇಲೆ ಸುಕ್ಕಾಗುತ್ತದೆ. ತೀರ ಹಳೆಯದು ಬಾಗಿಸುವಾಗ ಮುರಿಯುತ್ತದೆ. ಹೊರಮೈಯ ಸೀಳು ಗಟ್ಟಿ. ಒಳಗಿನ ತಿರುಳಿಗೆ ಬೇಗ ಹುಳು ಬೀಳುತ್ತದೆ, ಅದರಲ್ಲಿ ಪಿಷ್ಟ ಹೆಚ್ಚು. ಕೂಡಲೇ ಹೆಣೆಯದಿದ್ದರೆ ಗಳವನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಡಿ. ಹುಳುವಿನ ಕಾಟ ತಗ್ಗುತ್ತದೆ.

ಇನ್ನು ಹೆಣಿಗೆ. ಒಂದೇ ಸೀಳನ್ನು ಸುತ್ತುತ್ತ ಹೋಗುವುದಾದರೆ ನಿಂತ ಕಡ್ಡಿಗಳು ಬೆಸ ಸಂಖ್ಯೆಯಲ್ಲಿರಬೇಕು, 15 ಅಥವಾ 17 ಅನ್ನಿ. ಬೆಸವಾದರೆ ಮೊದಲ ಸುತ್ತಿನಲ್ಲಿ ಕಡ್ಡಿಯ ಮುಂದೆ ಹಾದ ಸೀಳು ಎರಡನೆಯ ಸುತ್ತಿನಲ್ಲಿ ಅದರ ಹಿಂದೆ ಹಾಯುತ್ತದೆ. ಸಮವಾದರೆ ಪ್ರತಿ ಸುತ್ತೂ ಮುಂದೆಯೇ ಬಂದು ಹೆಣಿಗೆ ಕಚ್ಚುವುದಿಲ್ಲ. ಲೆಕ್ಕ ಒಂದೇ ದಿನದಲ್ಲಿ ಬರುತ್ತದೆ. ಬಿಗಿ ಬರುವುದು ಮಾತ್ರ ಹತ್ತಾರು ಬುಟ್ಟಿ ಸೊಟ್ಟಗಾದ ಮೇಲೆ!

ಬಿದಿರಿಗಾಗಿ ಕಾಡಿಗೆ ನುಗ್ಗಬೇಡಿ. ಹೊಲದ ಅಂಚಿನಲ್ಲಿ, ನೀರು ಇಳಿಯುವ ತಗ್ಗಿನಲ್ಲಿ ಒಂದೆರಡು ಮೆಳೆ ಬೆಳೆಸಿ. ನಮ್ಮ ಒಣಭೂಮಿಗೆ ಗಟ್ಟಿಬಿದಿರು ಒಗ್ಗುತ್ತದೆ. 1927ರ ಭಾರತೀಯ ಅರಣ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಬಿದಿರು ಆ ಕಾಯಿದೆಯ ಮರಗಳ ಸಾಲಿನಿಂದ ಹೊರಬಂದಿದೆ. ಆದರೂ ಗಾಡಿಗೆ ಹೇರುವ ಮೊದಲು ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಮೆಳೆ ಕಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಹಳ್ಳದ ದಂಡೆಯ ಲಕ್ಕಿ ಕಡ್ಡಿಯಲ್ಲಿ ಕೈ ಪಳಗಿಸಿ. ಗೊಬ್ಬರದ ಮಂಕರಿಗೆ ಅದೂ ಆಗುತ್ತದೆ.