ಒಂದು ಗೇಣಿನ ಮೋಟಾರು ಗಾಡಿ



ಇಪ್ಪತ್ತೆರಡು ವರ್ಷಗಳಿಂದ ನಾನು ಮನೆಯ ಹಿಂದಣ ಕೋಣೆಯಲ್ಲಿ, ನಮ್ಮ ತಾಯಿಯವರ ಹೊಲಿಗೆಯಂತ್ರವಿದ್ದ ಹಳೆಯ ಮೇಜಿನ ಮೇಲೆ, ಮೋಟಾರು ಗಾಡಿಗಳನ್ನು ಕಟ್ಟುತ್ತಿದ್ದೇನೆ. ಅವುಗಳಲ್ಲಿ ಒಂದಾದರೂ ಒಂದು ಗೇಣನ್ನು ಮೀರಿ ಬೆಳೆದಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಸಂಜೆ ಬಾಗಿಲಲ್ಲಿ ನಿಂತು, ನಾನು ಚಿಮಟದ ತುದಿಯಲ್ಲಿ ಅಕ್ಕಿಯ ನುಚ್ಚಿನಷ್ಟಿದ್ದ ಬಾಗಿಲ ಹಿಡಿಯನ್ನು ಹಿಡಿದುಕೊಂಡು ಉಸಿರು ಕಟ್ಟಿ ಕುಳಿತಿರುವುದನ್ನು ಬಹಳ ಹೊತ್ತು ನೋಡಿ, "ಎಲ್ಲಿಂದ ಬಂತಪ್ಪ ಈ ವಿದ್ಯೆ?" ಎಂದು ಕೇಳಿದರು. ಅಂದು ನನ್ನ ಕೈ ಬಿಡುವಾಗಿರಲಿಲ್ಲ. ಉತ್ತರ ಅರ್ಧದಲ್ಲಿಯೇ ನಿಂತಿತು. ಇಂದು ಆಕಾಶವಾಣಿಯವರು ದಯಪಾಲಿಸಿರುವ ಈ ಹದಿನೈದು ನಿಮಿಷಗಳಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಮಿಕ್ಕ ಉತ್ತರವನ್ನು ಸಲ್ಲಿಸುತ್ತೇನೆ.

ಮೊದಲು ಪ್ರಮಾಣದ ಮಾತು. ನಿಜವಾದ ಗಾಡಿಯ ಇಪ್ಪತ್ತನಾಲ್ಕರಲ್ಲಿ ಒಂದು ಭಾಗದಷ್ಟು ಚಿಕ್ಕದಾಗಿ ಕಟ್ಟುವಾಗ ಕೈ ಒಂದು ಮಿಲಿಮೀಟರ್ ತಪ್ಪಿತೆಂದರೆ, ಬೀದಿಯ ಮೇಲಿನ ಗಾಡಿಯಲ್ಲಿ 24 ಮಿಲಿಮೀಟರ್, ಎಂದರೆ ಸುಮಾರು ಒಂದು ಅಂಗುಲ, ತಪ್ಪಿದಂತೆಯೇ ಸರಿ. ಬಣ್ಣ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾಯಿತೆಂದರೆ, ನಿಜವಾದ ಗಾಡಿಗೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ಗಾರೆ ಮೆತ್ತಿದಂತೆ ಕಂಡು, ಬಾಗಿಲಿನ ಗೆರೆಗಳೆಲ್ಲ ಹೂತುಹೋಗುತ್ತವೆ. ಈ ಪ್ರಮಾಣಗಳಾದರೂ ಯಾರೋ ಪಂಡಿತರು ಕುಳಿತು ವಿಧಿಸಿದವುಗಳಲ್ಲ. ಯೂರೋಪಿನ ಸಂಗ್ರಾಹಕರಿಗೆ ಪ್ರಿಯವಾದ 43ರಲ್ಲಿ ಒಂದು ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಆಟದ ರೈಲಿನಿಂದ. ಇಂಗ್ಲೆಂಡಿನಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಎಂಬ ಲೆಕ್ಕದಲ್ಲಿ ರೈಲಿನ ಮಾದರಿಗಳನ್ನು ಮಾಡುತ್ತಿದ್ದರು. ಲಿವರ್‌ಪೂಲಿನ ಮೆಕ್ಯಾನೋ ಸಂಸ್ಥೆಯವರು ಆ ಆಟದ ರೈಲಿನ ನಿಲ್ದಾಣದ ಮುಂದೆ ನಿಲ್ಲಿಸಲೆಂದು 1933ರ ಸುಮಾರಿಗೆ ಪುಟ್ಟ ಲೋಹದ ಗಾಡಿಗಳನ್ನು ಎರಕ ಹೊಯ್ದರು. ಮಾರನೆಯ ವರ್ಷ ಅವಕ್ಕೆ ಡಿಂಕಿ ಎಂದು ಹೆಸರಾಯಿತು. ಕಾಲಾಂತರದಲ್ಲಿ ರೈಲು ಮರೆಯಾಗಿ ಅದರ ಲೆಕ್ಕ ಮಾತ್ರ ಉಳಿದುಕೊಂಡಿತು. 24 ಎಂಬುದು ಒಂದು ಅಡಿಗೆ ಅರ್ಧ ಅಂಗುಲವೆಂಬ ಬಡಗಿಯ ಗಣಿತ. ನನಗೆ ಈ ಬಡಗಿಯ ಗಣಿತವೇ ಹಿಡಿಸಿತು.

ಕಟ್ಟುವವರ ಕಥೆಯನ್ನು ನಾನು ಅಮೆರಿಕದ ಡಿಟ್ರಾಯಿಟ್ ನಗರದಿಂದ, 1930ರಿಂದ, ಪ್ರಾರಂಭಿಸುತ್ತೇನೆ. ಓಹಾಯೋ ಸಂಸ್ಥಾನದ ನಾರ್ವಾಕ್ ಎಂಬ ಊರಿನಲ್ಲಿ ಕುದುರೆ ಸಾರೋಟುಗಳನ್ನು ಮಾಡುತ್ತಿದ್ದ ಕಮ್ಮಾರರೊಬ್ಬರ ಮಕ್ಕಳು, ಫಿಷರ್ ಸಹೋದರರು, ಡಿಟ್ರಾಯಿಟ್ಟಿಗೆ ಬಂದು ಮೋಟಾರು ಗಾಡಿಗಳ ಮೈಯನ್ನು ಕಟ್ಟಿಕೊಡುವ ದೊಡ್ಡ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಅದು ಜನರಲ್ ಮೋಟಾರ್ಸ್ ಸಂಸ್ಥೆಯೊಳಗೆ ಸೇರಿಹೋದ ಮೇಲೆಯೂ ನೆಪೋಲಿಯನ್ ಚಕ್ರವರ್ತಿಯ ಸಾರೋಟಿನ ಚಿತ್ರವನ್ನೇ ತನ್ನ ಮುದ್ರೆಯಾಗಿ ಇರಿಸಿಕೊಂಡಿತ್ತು. ಇನ್ನು ಮುಂದೆ ಕೈಕೆಲಸ ಬಲ್ಲವರು ದೊರೆಯುವುದಿಲ್ಲವೆಂಬ ಚಿಂತೆಯಿಂದಲೋ, ಹುಡುಗರ ಮೂಲಕ ತಂದೆಯರ ಮನಸ್ಸನ್ನು ಒಲಿಸಿಕೊಳ್ಳುವ ವ್ಯಾಪಾರಬುದ್ಧಿಯಿಂದಲೋ, ಬಹುಶಃ ಎರಡರಿಂದಲೂ, ಅವರು 'ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಒಂದು ಸಂಘವನ್ನು ಹುಡುಗರಿಗಾಗಿ ತೆರೆದರು. ಆ ಸಾರೋಟನ್ನು ನಕ್ಷೆಯ ಪ್ರಕಾರ ಚಿಕ್ಕದಾಗಿ, ಸ್ವಂತ ಕೈಯಿಂದ, ಕಟ್ಟಿ ಕಳುಹಿಸಬೇಕು. ಮರವನ್ನು ಕೆತ್ತಬೇಕು, ಲೋಹವನ್ನು ಬಗ್ಗಿಸಬೇಕು, ಒಳಗಿನ ಮೆತ್ತೆಯನ್ನು ಹೊಲಿಯಬೇಕು, ಚಕ್ರದ ಅರಗಳನ್ನು ಒಂದೊಂದಾಗಿ ಕೂಡಿಸಬೇಕು. ಒಂದು ಮೊಳಕ್ಕಿಂತ ಚಿಕ್ಕದಾದ ಆ ಸಾರೋಟಿನಲ್ಲಿ ಹುಡುಗನೊಬ್ಬನ ಒಂದು ವರ್ಷದ ಸಂಜೆಗಳೆಲ್ಲ ಅಡಗಿಹೋಗುತ್ತಿದ್ದವು. ಗೆದ್ದವರಿಗೆ ದೊರೆಯುತ್ತಿದ್ದುದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದರಿಂದ ಒಂದು ಬಾಳೇ ಬೇರೆಯಾಗಬಹುದಾಗಿತ್ತು.

1937ರಿಂದ ಸಾರೋಟಿನ ಜೊತೆಗೆ ಮೋಟಾರು ಗಾಡಿಯ ಸ್ಪರ್ಧೆಯೂ ಸೇರಿತು. ಇಲ್ಲಿ ನಕ್ಷೆಯಿಲ್ಲ, ಹುಡುಗನೇ ಗಾಡಿಯನ್ನು ಕಲ್ಪಿಸಿ, ಹನ್ನೆರಡರಲ್ಲಿ ಒಂದರ ಪ್ರಮಾಣದಲ್ಲಿ ಮರದಿಂದಲೋ ಪ್ಲಾಸ್ಟರಿನಿಂದಲೋ ಮಾಡಬೇಕು. 1947ರಲ್ಲಿ ಬಹುಮಾನ ಪಡೆದ ಚಕ್ ಜೋರ್ಡನ್ ಎಂಬ ತರುಣ ಮುಂದೆ ಅದೇ ಜನರಲ್ ಮೋಟಾರ್ಸ್ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಈ ಸಂಘ 1968ರಲ್ಲಿ ಮುಚ್ಚಿತು. ಇದನ್ನು ನೆನೆದಾಗಲೆಲ್ಲ ನನಗೆ ಆಗುವ ಒಂದು ವ್ಯಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಅದು ಗಂಡುಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲು. ಮೆತ್ತೆ ಹೊಲಿಯುವ ಹುಡುಗನ ಪಕ್ಕದಲ್ಲಿ ಕುಳಿತು ಅವನಿಗೆ ಸೂಜಿ ಹಿಡಿಯುವುದನ್ನು ಕಲಿಸಿದ ಅಕ್ಕತಂಗಿಯರು ಎಷ್ಟು ಮಂದಿ ಇದ್ದರೋ, ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಭಾಗವನ್ನು ಬೇಗನೆ ದಾಟುತ್ತೇನೆ. ಅದರಲ್ಲಿ ವ್ಯಾಪಾರವೇ ಹೆಚ್ಚು. 1948ರಲ್ಲಿ ಡಿಟ್ರಾಯಿಟ್ಟಿನ ಬಳಿ ಪ್ರಾರಂಭವಾದ ಎಎಂಟಿ ಎಂಬ ಸಂಸ್ಥೆ, ಹೊಸ ಗಾಡಿಗಳ ಮಳಿಗೆಯಲ್ಲಿ ಗಿರಾಕಿಯ ಮಗುವಿನ ಕೈಗಿಡಲೆಂದು, ಆಯಾ ವರ್ಷದ ಗಾಡಿಯನ್ನೇ 25ರಲ್ಲಿ ಒಂದರ ಪ್ರಮಾಣದಲ್ಲಿ ತಯಾರಿಸಿಕೊಟ್ಟಿತು. 1951ರಲ್ಲಿ ಕ್ಯಾಲಿಫೋರ್ನಿಯದ ರೆವೆಲ್ ಸಂಸ್ಥೆ ಹಳೆಯ ಕಾಲದ ಗಾಡಿಗಳ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಅಂಟಿಸಿ ಕೂಡಿಸಿಕೊಳ್ಳಿರೆಂದು ಮಾರಿತು. 1958ರಲ್ಲಿ ಎಎಂಟಿಯವರು ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ, ಕಾರ್ಖಾನೆಯಿಂದ ಬಂದಂತೆ, ಮನಬಂದಂತೆ ಅಲಂಕರಿಸಿ, ಇಲ್ಲವೇ ಪಂದ್ಯದ ಗಾಡಿಯಾಗಿ, ಕಟ್ಟಬಹುದಾದ ಕಿಟ್ಟುಗಳನ್ನು ಹೊರತಂದರು; ಅಲ್ಲಿಂದ ಮುಂದೆ ಅಮೆರಿಕದ ಬೀದಿಬೀದಿಯಲ್ಲಿಯೂ ಅಂಟಿನ ವಾಸನೆ.

ಆದರೆ ಆ ಮಳಿಗೆಯ ಗಾಡಿಗಳ ಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅವುಗಳಲ್ಲಿ ಬಹಳಷ್ಟನ್ನು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ್ದರು. ಆ ವಸ್ತು ಅಚ್ಚಿನಿಂದ ಬಂದ ದಿನ ಕನ್ನಡಿಯಂತೆ ಹೊಳೆದು, ವರುಷಗಳು ಕಳೆದಂತೆ ಒಳಗಿಂದೊಳಗೆ ಕುಗ್ಗುತ್ತಾ ಬರುತ್ತದೆ. ಬಂಪರಿನ ಲೋಹಲೇಪದ ತುಣುಕು ಮಾತ್ರ ಕುಗ್ಗದೆ ನಿಲ್ಲುವುದರಿಂದ, ಗಾಡಿಯ ಮೈ ತಾನೇ ಸೊಟ್ಟಗಾಗಿ, ನಡು ಬಾಗಿ, ಮೂತಿ ಮೇಲೆದ್ದುಬಿಡುತ್ತದೆ. ಒಬ್ಬ ಸ್ನೇಹಿತರು ವಿದೇಶದಿಂದ ತಂದ ಅಂತಹ ಒಂದು ಗಾಡಿ ನನ್ನ ಬಳಿ ಇದೆ. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಬಿಸಿಲಿಗೆ ತೋರಿಸಿಲ್ಲ, ಆದರೂ ವರ್ಷಕ್ಕೊಮ್ಮೆ ತೆಗೆದು ಗಾಜಿನ ಮೇಲಿಟ್ಟು ನೋಡಿದರೆ, ಮುಂದಿನ ಎಡ ಚಕ್ರ ಹಿಂದಿನ ವರ್ಷಕ್ಕಿಂತ ಒಂದು ಕೂದಲೆಳೆಯಷ್ಟು ಮೇಲಕ್ಕೆ ಎದ್ದಿರುತ್ತದೆ.

ಇನ್ನು ನನ್ನ ಮನಸ್ಸು ಬಹುಕಾಲದಿಂದ ನೆಲೆಸಿರುವ ಊರಿಗೆ ಬರುತ್ತೇನೆ. ಅದು ಜಪಾನಿನ ಷಿಜುವೊಕಾ. ಅಲ್ಲಿ ಯೋಷಿಯೊ ತಮಿಯಾ ಎಂಬುವರು 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯೊಂದನ್ನು ತೆರೆದು, ಕೆಲವೇ ಕಾಲದಲ್ಲಿ ಮರದ ಮಾದರಿಗಳನ್ನೂ ಮಾಡತೊಡಗಿದರು. 1951ರಲ್ಲಿ ಬೆಂಕಿ ಬಿದ್ದು ಸಂಗ್ರಹಿಸಿದ್ದ ಮರವೆಲ್ಲ ಬೂದಿಯಾಯಿತು. ಅನಂತರ ಮನೆ ಕಟ್ಟುವ ಮರದ ವ್ಯಾಪಾರವನ್ನು ಬಿಟ್ಟು ಮಾದರಿಗಳನ್ನೇ ನೆಚ್ಚಿ ನಿಂತರು. ಅವರ ಮಗ ಷುನ್ಸಾಕು ತಮಿಯಾ ವ್ಯಾಸಂಗ ಮುಗಿಸಿ ತಂದೆಯ ಜೊತೆಗೆ ಸೇರುವ ವೇಳೆಗೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಬಂದು ಮರ ಹಿಂದೆ ಸರಿದಿತ್ತು. 1960ರಲ್ಲಿ ಅವರು ಹೊರತಂದ ಮೊದಲ ಪ್ಲಾಸ್ಟಿಕ್ ಮಾದರಿ, ಯಮಾಟೊ ಎಂಬ ಯುದ್ಧನೌಕೆ, ಪ್ರತಿಸ್ಪರ್ಧಿಗಳ ಅಗ್ಗದ ಬೆಲೆಯ ಮುಂದೆ ಸೋತಿತು. ಸೋತ ಮೇಲೆಯೂ ಎದ್ದು, 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಪಂದ್ಯದ ಗಾಡಿಯನ್ನು ಹನ್ನೆರಡರಲ್ಲಿ ಒಂದರ ಪ್ರಮಾಣದಲ್ಲಿ ಮಾಡಿದರು. ಕೊಳವೆಗಳೂ ತಂತಿಗಳೂ ಸಹಿತವಾಗಿ ಆ ಗಾಡಿಯ ಒಳಗೇ ಕೈಯಿಟ್ಟು ನೋಡಬಹುದೆಂಬಂತಹ ಕೆಲಸ ಅದು.

ಎಪ್ಪತ್ತರ ದಶಕದ ನಡುವೆ ಷುನ್ಸಾಕು ಅವರಿಗೆ ಜರ್ಮನಿಯ ಪೋರ್ಷೆ 934 ಎಂಬ ಪಂದ್ಯದ ಗಾಡಿಯನ್ನು ಕಟ್ಟಬೇಕೆಂಬ ಹಂಬಲ ಹತ್ತಿತು. ಜರ್ಮನಿಗೆ ಹೋಗಿ ಛಾಯಾಚಿತ್ರಗಳನ್ನು ತೆಗೆದುಕೊಂಡು ಬಂದರು. ಷಿಜುವೊಕಾದಲ್ಲಿ ನಕ್ಷೆ ಬರೆಯಲು ಕುಳಿತಾಗ ಬೇಕಾದ ಭಾಗವೇ ಚಿತ್ರದಲ್ಲಿ ಇಲ್ಲದಿರುವುದು ಕಂಡುಬಂದು ಮತ್ತೆ ಹೋದರು. ಈ ಹೋಗಿಬರುವ ಕೆಲಸ ಮುಗಿಯುವಂತೆ ತೋರದೆ ಇದ್ದಾಗ ಅವರು ಮಾಡಿದ ಕೆಲಸವನ್ನು ಕೇಳಿರಿ: ನಿಜವಾದ ಒಂದು ಪೋರ್ಷೆ 911 ಗಾಡಿಯನ್ನು ಹಣ ಕೊಟ್ಟು ಕೊಂಡು ತಂದು, ಒಂದೊಂದು ಭಾಗವನ್ನೂ ಕಳಚಿ, ಅಳೆದು, ಬರೆದುಕೊಂಡರು. ಎಂತಹ ಸಿರಿವಂತನೂ ಓಡಿಸಲೆಂದು ಹಂಬಲಿಸುವ ಗಾಡಿ, ಮದುವೆ ಮುಗಿದ ಮನೆಯ ಪಾತ್ರೆಗಳಂತೆ ನೆಲದ ಮೇಲೆ ಹರಡಿಕೊಂಡಿತು. ಅಳತೆಯೆಲ್ಲ ಮುಗಿದ ಮೇಲೆ ಮತ್ತೆ ಜೋಡಿಸಲು ನೋಡಿದರೆ ಅವರಿಂದಾಗಲಿಲ್ಲ. ಪೋರ್ಷೆಯ ಎಂಜಿನಿಯರುಗಳನ್ನೇ ಕರೆಸಿ ಕೂಡಿಸಬೇಕಾಯಿತು. ಆ ಶ್ರಮದ ಫಲ 1976ರಲ್ಲಿ ಪೆಟ್ಟಿಗೆಯಾಗಿ ಹೊರಬಂದಿತು. ಅದೇ ವರ್ಷದ ಕೊನೆಯಲ್ಲಿ ಅದೇ ಮೈಯನ್ನು ತೊಡಿಸಿದ, ದೂರದಿಂದ ರೇಡಿಯೋ ಅಲೆಗಳ ಮೂಲಕ ಓಡಿಸಬಹುದಾದ ಗಾಡಿಯೂ ಬಂದು, ಆ ಸಂಸ್ಥೆಗೆ ಹೊಸದೊಂದು ಬಾಳನ್ನೇ ಕೊಟ್ಟಿತು.

ನಾನು ಆ ಹಳೆಯ ಪೆಟ್ಟಿಗೆಯ ಸೂಚನಾಪತ್ರವನ್ನು ಒಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನವೆಲ್ಲ ಓದಿದ್ದೇನೆ. ಕಟ್ಟಿದ ಮೇಲೆ ಯಾರ ಕಣ್ಣಿಗೂ ಬೀಳದ, ಎಂಜಿನ್ನಿನ ಅಡಿಯಲ್ಲಿ ಹುದುಗಿಹೋಗುವ ಭಾಗಗಳನ್ನು ಅಷ್ಟು ಗೌರವದಿಂದ ಬರೆದವನು, ಆ ಭಾಗಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದವನೇ ಇರಬೇಕು. ಷುನ್ಸಾಕು ಅವರು 2025ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರೆಂಬ ಸುದ್ದಿ ತಿಳಿದಾಗ, ಮುಖವನ್ನೇ ಕಾಣದ ಆ ಹಿರಿಯರಿಗಾಗಿ ನನ್ನ ಗಂಟಲು ಕಟ್ಟಿತು.

ಪೆಟ್ಟಿಗೆಯ ಹಂಗಿಲ್ಲದೆ ಕಟ್ಟಿದವರೂ ಉಂಟು. ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ನಿಜವಾದ ಗಾಡಿಯ ಬಳಿಗೇ ಹೋಗಿ ಅಳತೆ ಹಿಡಿದು, ಹದಿನೈದರಲ್ಲಿ ಒಂದರ ಪ್ರಮಾಣದಲ್ಲಿ, ಭಾಗಗಳನ್ನು ಕೈಯಾರೆ ಮಾಡುತ್ತಿದ್ದರು. 1978ರಲ್ಲಿ ಅವರು ಬರೆದ 'ದಿ ಕಂಪ್ಲೀಟ್ ಕಾರ್ ಮಾಡೆಲರ್' ಎಂಬ ಪುಸ್ತಕದಲ್ಲಿ ತಮ್ಮ ಕೈಯ ರಹಸ್ಯಗಳನ್ನೆಲ್ಲ ಬಿಚ್ಚಿಟ್ಟರು. ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸಿದ ಗುಣ ಇದು: ಇಲ್ಲಿ ಯಾರೂ ಯಾವುದನ್ನೂ ಮುಚ್ಚಿಡುವುದಿಲ್ಲ. ಕಟ್ಟುವಾಗ ಒಬ್ಬನೇ ಕುಳಿತಿರುತ್ತಾನೆ, ನಿಜ. ಆದರೆ ಅವನ ಬೆರಳ ತುದಿಯಲ್ಲಿ ಹತ್ತು ಮಂದಿಯ ಅನುಭವವಿರುತ್ತದೆ.

ನಾನು ಹೊಸಬನಾಗಿದ್ದಾಗ ಒಂದು ಆಷಾಢದಲ್ಲಿ ಕಪ್ಪು ಬಣ್ಣದ ಗಾಡಿಯೊಂದಕ್ಕೆ ಕೊನೆಯ ಲೇಪ ಕೊಟ್ಟು ಮಲಗಿದೆ. ಬೆಳಗಾಗುವ ಹೊತ್ತಿಗೆ ಅದರ ಮೇಲೆಲ್ಲ ಮಜ್ಜಿಗೆ ಚೆಲ್ಲಿದಂತೆ ಬಿಳುಪು ಹಬ್ಬಿತ್ತು. ಮೂರು ತಿಂಗಳ ಕೆಲಸ. ಮಂಗಳೂರಿನ ನಿವೃತ್ತ ಉಪಾಧ್ಯಾಯರೊಬ್ಬರು, ಅದುವರೆಗೆ ನನಗೆ ಪರಿಚಯವೇ ಇಲ್ಲದವರು, ವಿಷಯ ತಿಳಿದು ಪತ್ರ ಬರೆದರು: "ಗಾಳಿಯ ತೇವ ಬಣ್ಣದೊಳಗೆ ಸೇರಿಕೊಂಡಿದೆ, ಹೆದರಬೇಡಿ. ಹೊಳವಾದ ಒಂದು ದಿನ ನೋಡಿ, ಬಣ್ಣದ ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮಧ್ಯಾಹ್ನಕ್ಕೆ ಮುಂಚೆ ತೆಳ್ಳಗೆ ಇನ್ನೊಂದು ಲೇಪ ಕೊಡಿ. ನಮ್ಮ ಕಡಲತೀರದಲ್ಲಿ ನಾವು ಇದನ್ನು ವರ್ಷವೆಲ್ಲ ಅನುಭವಿಸುತ್ತೇವೆ." ಹಾಗೆಯೇ ಮಾಡಿದೆ, ಬಿಳುಪು ಕರಗಿ ಕಪ್ಪು ಮತ್ತೆ ಬಾವಿಯ ನೀರಿನಂತೆ ಆಳವಾಯಿತು. ರೇಡಿಯೋ ಕಂಬಿಗೆ ವೀಣೆಯ ಉಕ್ಕಿನ ತಂತಿಯ ತುಂಡು, ಕಿಟಕಿಯ ಸುತ್ತಣ ಹೊಳೆಯುವ ಪಟ್ಟಿಗೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ, ಹೀಗೆ ಒಂದೊಂದನ್ನೂ ಒಬ್ಬೊಬ್ಬರು ಹೇಳಿಕೊಟ್ಟದ್ದು.

ಈಗ ನನ್ನ ಮೇಜಿನ ಮೇಲಿರುವುದು ನಮ್ಮ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ರೂಪವನ್ನು ತಾಳಿ, ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ, ನಮ್ಮ ದೇಶದ ಮಂತ್ರಿಗಳನ್ನೂ ಮದುಮಕ್ಕಳನ್ನೂ ರೋಗಿಗಳನ್ನೂ ಹೊತ್ತ ಆ ಗಾಡಿಯನ್ನು ನಾನು ಪೆಟ್ಟಿಗೆಯ ಆಸರೆಯಿಲ್ಲದೆ ಪ್ಲಾಸ್ಟಿಕ್ ಹಾಳೆಯಿಂದಲೇ ಕಟ್ಟುತ್ತಿದ್ದೇನೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2464 ಮಿಲಿಮೀಟರ್. ನನ್ನ ಮೇಜಿನ ಮೇಲೆ ಅದು 103ಕ್ಕೆ ಇಳಿಯುತ್ತದೆ. ಸಂಖ್ಯೆಗಳು ಪುಸ್ತಕದಲ್ಲಿ ಸಿಗುತ್ತವೆ, ಆದರೆ ಆ ಬೆನ್ನಿನ ದುಂಡು ಸಿಗುವುದಿಲ್ಲ. ಅದಕ್ಕಾಗಿ ನಾನು ಮೈಸೂರಿನ ಒಬ್ಬ ವೃದ್ಧ ಟ್ಯಾಕ್ಸಿ ಚಾಲಕರ ಮನೆಗೆ ಹೋಗಿ, ಈಗ ಓಡಿಸದೆ ನಿಲ್ಲಿಸಿರುವ ಅವರ ಗಾಡಿಯ ಮೇಲೆ ಸೀಸದ ತಂತಿಯನ್ನು ಒತ್ತಿ ಒತ್ತಿ, ಅದರ ಬಾಗನ್ನು ಕಾಗದಕ್ಕೆ ಇಳಿಸಿಕೊಂಡೆ. ಅಳತೆಪಟ್ಟಿಯ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಂಡು ಬಿಸಿಲಿನಲ್ಲಿ ಎರಡು ಗಂಟೆ ನಿಂತರು.

ಕಳೆದ ತಿಂಗಳು ಬಿಳಿಯ ಬಣ್ಣವಾದ ಮೇಲೆ ಗಾಡಿಯನ್ನು ಡಬ್ಬಿಯಲ್ಲಿಟ್ಟು ಅವರಿಗೆ ತೋರಿಸಲು ಒಯ್ದೆ. ಅವರು ಕೈ ತೊಳೆದುಕೊಂಡು ಬಂದು, ಕನ್ನಡಕ ಹಾಕಿಕೊಂಡು, ಅದನ್ನು ಎರಡೂ ಅಂಗೈಗಳ ಮೇಲೆ ತೆಗೆದುಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು, ಬಲಗಡೆಗೆ ತಿರುಗಿಸಿದರು.

"ಏನಾದರೂ ತಪ್ಪಿದೆಯೇ ಯಜಮಾನರೇ?" ಎಂದೆ.

"ತಪ್ಪೇನಿಲ್ಲ ಸ್ವಾಮಿ. ಹಿಂದಿನ ಬಾಗಿಲಲ್ಲಿ ಒಂದು ತಗ್ಗಿತ್ತಲ್ಲ, ನನ್ನ ಮಗ ಗಾಡಿ ಕಲಿಯುವಾಗ ಗೇಟಿಗೆ ತಗುಲಿಸಿದ್ದು. ಅದೊಂದು ಇಲ್ಲ."

ಮನೆಗೆ ತಂದು, ಹಿಡಿಯಿಂದ ನಾಲ್ಕು ಮಿಲಿಮೀಟರ್ ಕೆಳಗೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡಿದ್ದೇನೆ. ದುಂಡನೆಯ ತುದಿಯ ಚಿಕ್ಕ ಅರ ಒಂದು ಬೇಕು. ಉಪ್ಪುಕಾಗದ ಮನೆಯಲ್ಲಿಯೇ ಇದೆ.