ಹೆಸರಿಗೆ ಕಾದ ಮೀನು



ಹವಳದ ದಿಬ್ಬಗಳ ಸುತ್ತ ಸುಳಿದಾಡುವ ಚಪ್ಪಟೆ ಮೈಯ ಚೆಲುವಾದ ಮೀನುಗಳಿಗೆ ಚಿಟ್ಟೆಮೀನುಗಳೆಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಬಿಸಿಲು ತಾಕುವ ನೀರನ್ನೇ ನೆಚ್ಚಿದವು. ಆದರೆ ಹವಾಯಿ ದ್ವೀಪಗಳ ಕಡಲಿನಲ್ಲಿ, 55ರಿಂದ 187 ಮೀಟರುಗಳ ಆಳದಲ್ಲಿ, ಮುಚ್ಚಂಜೆಯಂಥ ಬೆಳಕಿನಲ್ಲಿ ಬಾಳುವ ಜಾತಿಯೊಂದುಂಟು. ಜಲಾಂತರ್ನೌಕೆಯಲ್ಲಿ ಇಳಿದವರು ನಾಮಕರಣಕ್ಕೆ ಇಪ್ಪತ್ತು ವರ್ಷಗಳಿಗೂ ಮುಂಚೆಯೇ ಇದನ್ನು ಕಂಡಿದ್ದರು, ಚಿತ್ರವನ್ನೂ ಹಿಡಿದಿದ್ದರು. ಅಷ್ಟರಿಂದಲೇ ಶಾಸ್ತ್ರಜ್ಞರಿಗೆ ತೃಪ್ತಿಯೆಲ್ಲಿ? ಮೀನು ಕೈಗೆ ಬರಬೇಕು, ಅದರ ಮುಳ್ಳು ಹುರುಪೆಗಳನ್ನು ಎಣಿಸಬೇಕು.

ಸಾಮಾನ್ಯ ಮುಳುಗುಗಾರನ ಗಾಳಿ ಅಷ್ಟು ಆಳಕ್ಕೆ ನಡೆಯದು. ಅಲ್ಲಿಯ ಒತ್ತಡದಲ್ಲಿ ಗಾಳಿಯೊಳಗಣ ನೈಟ್ರೋಜನ್ನೇ ಮತ್ತೇರಿಸುತ್ತದೆ. ಆದುದರಿಂದ ಹೀಲಿಯಂ ಬೆರೆಸಿ, ಬಿಟ್ಟ ಉಸಿರನ್ನೇ ಶುದ್ಧಿಮಾಡಿ ಮರಳಿ ಕೊಡುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯಬೇಕು. ಕೆಳಗೆ ಇರುವುದು ಕೆಲವೇ ನಿಮಿಷ, ಮೇಲಕ್ಕೆ ಬರುವುದಕ್ಕೆ ಗಂಟೆಗಟ್ಟಲೆ. ಅವಸರಪಟ್ಟರೆ ರಕ್ತದಲ್ಲಿ ಗುಳ್ಳೆಗಳೆದ್ದು ಪ್ರಾಣಕ್ಕೇ ಸಂಚಕಾರ.

ಇಷ್ಟು ಪಾಡುಪಟ್ಟು ತಂದ ಮೀನಿಗೆ ರಿಚರ್ಡ್ ಪೈಲ್ ಮತ್ತು ರ್‍ಯಾಂಡಲ್ ಕೊಸಾಕಿ ಎಂಬ ವಿದ್ವಾಂಸರು 2016ರಲ್ಲಿ ಪ್ರೊಗ್ನಾಥೋಡಿಸ್ ಬಸಾಬೈ ಎಂದು ಹೆಸರಿಟ್ಟರು. ಪೀಟ್ ಬಸಾಬೆ ಹವಾಯಿಯ ಒಬ್ಬ ನುರಿತ ಮುಳುಗುಗಾರ. ಲ್ಯಾಟಿನ್ ಹೆಸರುಗಳ ಪಟ್ಟಿಯಲ್ಲಿ ಇಂಥವನಿಗೂ ಎಡೆ ದೊರೆತುದು ನನಗಂತೂ ಬಹಳ ಹಿಡಿಸಿತು.