ಸಸ್ಯಗಳ ಬಂಧುಬಳಗ



ಗಿಡ, ಮರ, ಬಳ್ಳಿ ಎಂದು ಸಸ್ಯಗಳನ್ನು ವಿಂಗಡಿಸುವುದು ನಮಗೆಲ್ಲ ರೂಢಿ. ವ್ಯವಹಾರಕ್ಕೆ ಇಷ್ಟು ಸಾಕಾದರೂ ಶಾಸ್ತ್ರಕ್ಕೆ ಸಾಲದು. ಶಾಸ್ತ್ರವು ವಿಚಾರಿಸುವುದು ಬಂಧುತ್ವವನ್ನು. ಮುಗಿಲಿಗೆ ಚಾಚಿದ ಬಿದಿರು ಕಾಲಡಿಯ ಗರಿಕೆಯ ದಾಯಾದಿಯೆಂದರೆ ಆಶ್ಚರ್ಯವಾಗಬಹುದು. ಆದರೂ ಅದು ನಿಜ.

ನೀರಿನಲ್ಲಿ ಬಾಳುವ ಪಾಚಿಗಳನ್ನು ಬದಿಗಿರಿಸಿ ನೆಲದ ಸಸ್ಯಗಳನ್ನು ನೋಡೋಣ. ಇವುಗಳ ದೊಡ್ಡ ಗುಂಪುಗಳನ್ನು ಗುರುತಿಸಲು ಮೂರು ಪ್ರಶ್ನೆಗಳು ಸಾಕು. ನೀರನ್ನು ಮೇಲಕ್ಕೊಯ್ಯುವ ನಾಳಗಳುಂಟೆ ಎಂಬುದು ಮೊದಲನೆಯದು. ಮಳೆಗಾಲದಲ್ಲಿ ಗೋಡೆಯ ಮೇಲೆ ಮಕಮಲ್ಲಿನಂತೆ ಹಬ್ಬುವ ಹಾವಸೆಗೆ ಅಂಥ ನಾಳಗಳಿಲ್ಲ. ಆದುದರಿಂದಲೇ ಅದು ಗೇಣುದ್ದ ಬೆಳೆಯುವುದೂ ಅಪೂರ್ವ. ಬೀಜವುಂಟೆ ಎಂಬುದು ಎರಡನೆಯದು. ಜರೀಗಿಡಕ್ಕೆ ನಾಳಗಳುಂಟು, ಬೀಜವಿಲ್ಲ. ಎಲೆಯ ಹಿಂಬದಿಯ ಕಂದು ಚುಕ್ಕೆಗಳಿಂದ ಉದುರುವ ಧೂಳಿನಂಥ ಕಣಗಳೇ ಅದರ ವಂಶವನ್ನು ಮುಂದುವರಿಸುತ್ತವೆ. ಬೀಜವು ಕಾಯಿಯೊಳಗೆ ಅಡಗಿದೆಯೆ ಎಂಬುದು ಮೂರನೆಯದು. ದೇವದಾರು, ಪೈನ್ ಮೊದಲಾದವುಗಳ ಬೀಜಕ್ಕೆ ಈ ಹೊದಿಕೆಯಿಲ್ಲ, ಅವು ಅನಾವೃತಬೀಜಗಳು. ಮಾವು, ಭತ್ತ, ಮಲ್ಲಿಗೆ ಮುಂತಾದ ಹೂಬಿಡುವ ಸಸ್ಯಗಳೆಲ್ಲವೂ ಆವೃತಬೀಜಗಳು. ಮೊದಲಿನವು ಸುಮಾರು 1,000 ಜಾತಿಗಳಾದರೆ ಎರಡನೆಯವು ಸುಮಾರು 3 ಲಕ್ಷ.

ಹೊರನೋಟವು ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ಪಶ್ಚಿಮಘಟ್ಟದ ಸೈಕಸ್ ಮರವೇ ಸಾಕ್ಷಿ. ಕವಲಿಲ್ಲದ ಕಾಂಡ, ತುದಿಯಲ್ಲಿ ಗರಿಗಳ ಕಿರೀಟ: ನೋಡಿದವರು ಈಚಲಿನ ತಮ್ಮನೆನ್ನುವರು. ಆದರೆ ಅದರ ಬೀಜಗಳು ಕಾಯಿಯ ಮರೆಯಿಲ್ಲದೆ ಬಯಲಿನಲ್ಲಿ ಬಲಿಯುತ್ತವೆ. ಜಪಾನಿನ ಇಕೆನೋ ಎಂಬ ವಿದ್ವಾಂಸನು 1896ರಲ್ಲಿ ಸೈಕಸ್‌ನ ಪುರುಷಕಣಗಳು ಜರೀಗಿಡದವುಗಳಂತೆ ಈಜಬಲ್ಲವೆಂದು ಕಂಡನು. ಈಚಲಿನಲ್ಲಿ ಈ ಪುರಾತನ ಲಕ್ಷಣವಿಲ್ಲ. ಸೈಕಸ್ ಈಚಲಿಗಿಂತ ಪೈನ್ ಮರಕ್ಕೇ ಹತ್ತಿರದ ನಂಟ. ಇದು ಬರಿಯ ಪಂಡಿತರ ಚರ್ಚೆಯಲ್ಲ. ಈಚಲ ಹಣ್ಣನ್ನು ಮಕ್ಕಳು ಆರಿಸಿ ತಿನ್ನಬಹುದು. ಸೈಕಸ್ ಬೀಜದಲ್ಲಿರುವುದು ವಿಷ. ಅದನ್ನು ಸಂಸ್ಕರಿಸದೆ ತಿಂದರೆ ಅಪಾಯ ತಪ್ಪದು.

ವರ್ಗೀಕರಣವೂ ತಿದ್ದುಪಡಿಗೆ ಒಳಗಾಗುತ್ತ ಬಂದಿದೆ. 1753ರಲ್ಲಿ ಲಿನೇಯಸ್ ಹೂವಿನ ಕೇಸರಗಳನ್ನೆಣಿಸಿ ಗುಂಪು ಕಟ್ಟಿದನು. ಅಣಬೆಯನ್ನೂ ಸಸ್ಯಗಳಲ್ಲಿಯೇ ಸೇರಿಸಿದನು. 1969ರಲ್ಲಿ ವಿಟೇಕರನು ಅಣಬೆಗಳಿಗೆ ಬೇರೆಯ ಸಾಮ್ರಾಜ್ಯವನ್ನೇ ಕೊಟ್ಟನು. ಇಂದು ಜೀವಕೋಶದ ಡಿ.ಎನ್.ಎ.ಯನ್ನೋದಿ ನಂಟನ್ನು ನಿರ್ಣಯಿಸುತ್ತಾರೆ.

ಆದರೂ ಮೊದಲ ಪಾಠಕ್ಕೆ ಯಂತ್ರ ಬೇಡ. ಮುಂದೆ ಜರೀಗಿಡ ಕಂಡಾಗ ಒಂದೆಲೆಯನ್ನು ಮಗುಚಿ ನೋಡಿರಿ. ಅದು ತನ್ನ ಕುಲವನ್ನು ತಾನೇ ಹೇಳೀತು.